ಕೂತು ಹೇಳುವ ಅರ್ಥ

ಪಂಜ
೧೧ ಆಗಸ್ಟ್ ೨೦೨೪

ಭವಿತಾ,

ಅಕ್ಷರ ನೋಡಿ ಬೇರೆ ಯಾರೋ ಬರೆದದ್ದು ಎಂದುಕೊಳ್ಳಬೇಡ. ಇದು ನಾನೇ, ನಿನ್ನ ಅಪ್ಪ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದ ನೆನಪಿಲ್ಲ. ಸಾಲು ಗುಡ್ಡ ಹತ್ತಿದರೆ ಹತ್ತಲಿ, ನೀನು ಓದಿಕೊ.

ಕಲಬುರಗಿಯ ಪೊಲೀಸ್ ತರಬೇತಿಯಲ್ಲಿ ನಿಮಗೆ ಭಾನುವಾರ ಮಾತ್ರ ಫೋನು ಸಿಗುವುದು, ಅದೂ ಸರತಿಯಲ್ಲಿ. ನೀನು ಫೋನು ಮಾಡಿದಾಗ ನಾನು ಅವ್ವನ ಕೈಗೆ ಕೊಡುತ್ತೇನೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಆದ್ದರಿಂದ ಈ ಕಾಗದ.

ಸಮಾಚಾರ ಏನೆಂದರೆ, ನಾನು ಮನೆಯಿಂದ ಹೊರಗೆ ಹೋಗಿದ್ದೆ. ಆಸ್ಪತ್ರೆಗಲ್ಲ.

ಆಟಿ ತಿಂಗಳ ಮಳೆ ಬಿಡದೆ ಹೊಯ್ಯುತ್ತಿದ್ದಾಗ ಒಂದು ದಿನ ದೇವಕಿ ಟೀಚರ್ ಕೊಡೆ ಮಡಚಿ ಒಳಗೆ ಬಂದರು. ನಿನಗೆ ಐದನೇ ಕ್ಲಾಸಿನಲ್ಲಿ ಕಲಿಸಿದವರು, ಈಗ ನಿವೃತ್ತಿಯಾಗಿ ಭಾಗವತಿಕೆ ಮಾಡಿಕೊಂಡು ಇದ್ದಾರೆ. ಮರದಿಂದ ಬಿದ್ದವರು, ಗಾಡಿಯಿಂದ ಬಿದ್ದವರು ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನಲ್ಲೂ ಇದ್ದಾರೆ, ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಹಂಚಿನ ಮಾಡು ನೋಡಿಕೊಂಡು ಮಲಗಿದ್ದಾರೆ, ಅವರನ್ನೆಲ್ಲ ಸೇರಿಸಿ ಒಂದು ತಾಳಮದ್ದಳೆ ತಂಡ ಕಟ್ಟುತ್ತೇನೆ ಎಂದರು. ನನ್ನನ್ನು ಬಿಟ್ಟುಬಿಡಿ ಎಂದೆ. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವನನ್ನು ಕರೆದುಕೊಂಡು ಹೋಗಿ ಏನು ಮಾಡುತ್ತೀರಿ ಎಂದೂ ಕೇಳಿದೆ.

ಅದಕ್ಕೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಕೂಸಪ್ಪಣ್ಣ, ಯಕ್ಷಗಾನಕ್ಕಾದರೆ ಕುಣಿಯಬೇಕು. ತಾಳಮದ್ದಳೆಗೆ ಎಂತ ಬೇಕು? ಕೂರಬೇಕು, ಮಾತಾಡಬೇಕು. ಎಷ್ಟು ದೊಡ್ಡ ಕಲಾವಿದರಾದ್ರೂ ಅಲ್ಲಿ ಕೂತೇ ಮಾತಾಡುದು. ನೀವು ಹೇಗೂ ಕೂತಿದ್ದೀರಿ."

ನಿನ್ನ ಅವ್ವನ ಮುಖ ನೋಡಬೇಕಿತ್ತು. ನನಗೆ ಸಿಟ್ಟು ಬರುತ್ತದೆಂದು ಅವಳು ಬಾಗಿಲಿನ ದಾರಂದ ಹಿಡಿದು ನಿಂತಿದ್ದಳು. ನನಗೆ ನಗು ಬಂತು.

ನಿನ್ನ ಕೋಣೆಯ ಬಯಲುಸೀಮೆಯ ಹುಡುಗಿಯರು ತಾಳಮದ್ದಳೆ ಎಂದರೇನು ಎಂದು ಕೇಳಿದರೆ ಹೀಗೆ ಹೇಳು: ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಭಾಗವತರು ಕಥೆಯ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಬಾರಿಸುತ್ತಾರೆ. ಪದ್ಯ ನಿಂತ ಕೂಡಲೇ ಕೂತವರು ಆ ಪಾತ್ರವಾಗಿ ಮಾತಾಡಬೇಕು. ಅದಕ್ಕೆ ಅರ್ಥ ಹೇಳುವುದು ಅನ್ನುತ್ತಾರೆ. ಬರೆದುಕೊಟ್ಟ ಮಾತು ಇರುವುದಿಲ್ಲ. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಅಲ್ಲಿಯೇ ಉತ್ತರ ಹುಟ್ಟಬೇಕು.

ಜಾಲ್ಸೂರಿನ ಅಲಿ ಕುಂಞಿ ಅವರ ಪಿಕಪ್ಪಿನಲ್ಲಿ ಹಲಗೆ ಓರೆ ಇಟ್ಟು ವೀಲ್‌ಚೇರ್ ಹತ್ತಿಸಿದರು. ಹಿಂದೆ ಕೂತು ಪಂಜ ಪೇಟೆ ನೋಡಿದೆ. ಮೊದಲು ಕೋಳಿ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ ಬಂದಿದೆ. ನೀನು ಹೇಳಲೇ ಇಲ್ಲ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಒಂದು ಕೋಣೆಯಲ್ಲಿ ನಾವು ಸೇರುವುದು. ಅರ್ಥ ಹೇಳಬೇಕಾದರೆ ಮನಸ್ಸಿನಲ್ಲಿದ್ದದ್ದು ಸಾಲಾಗಿ ಹೊರಗೆ ಬರುವ ಅಭ್ಯಾಸ ಆಗಬೇಕಂತೆ. ಹಾಗಾಗಿ ಎಲ್ಲರೂ ಯಾರಿಗಾದರೂ ಒಂದೊಂದು ಕಾಗದ ಬರೆಯಬೇಕೆಂದು ಟೀಚರ್ ಹೋಮ್‌ವರ್ಕ್ ಕೊಟ್ಟರು.

ನನಗೆ ಬರೆಯಲು ಇರುವುದು ನೀನೊಬ್ಬಳೇ. ನೀನು ಹೊರಟ ದಿನದ ವಿಷಯ ಇದರಲ್ಲಿ ಬೇಡ.

ಇಂತು,
ಅಪ್ಪ

•

ಕಲಬುರಗಿ
೨೭ ಆಗಸ್ಟ್ ೨೦೨೪

ಪ್ರೀತಿಯ ಅಪ್ಪನಿಗೆ,

ನಿಮ್ಮ ಕಾಗದ ಬಂತು. ತುಂಬ ಸಂತೋಷವಾಯಿತು. ನೀವು ಹೊರಗೆ ಹೋದದ್ದು ಬಹಳ ಒಳ್ಳೆಯದು.

ಒಂದೇ ಕಡೆ ಹೆಚ್ಚು ಹೊತ್ತು ಕೂರಬೇಡಿ. ಹಿಂದೊಮ್ಮೆ ಬೆನ್ನಿನ ಕೆಳಗೆ ಹುಣ್ಣಾಗಿ ಎಷ್ಟು ಕಷ್ಟವಾಯಿತು ಎಂದು ಅವ್ವ ಫೋನಿನಲ್ಲಿ ನೆನಪು ಮಾಡಿದರು. ನೀರು ಸರಿಯಾಗಿ ಕುಡಿಯಿರಿ. ಆಯಾಸವಾದರೆ ಟೀಚರಿಗೆ ಹೇಳಿ ಮನೆಗೆ ಬಂದುಬಿಡಿ, ಅವರು ಏನೂ ಅಂದುಕೊಳ್ಳುವುದಿಲ್ಲ.

ನಾನು ಇಲ್ಲಿ ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ಎಲ್ಲರೂ ಒಳ್ಳೆಯವರು. ನನ್ನ ಬಗ್ಗೆ ಯೋಚನೆ ಮಾಡಬೇಡಿ. ನಿಮಗೆ ಯಾವುದು ಇಷ್ಟವೋ ಹಾಗೆ ಮಾಡಿ.

ನಿಮ್ಮ ಮಗಳು,
ಭವಿತಾ

•

ಪಂಜ
೬ ಅಕ್ಟೋಬರ್ ೨೦೨೪

ಭವಿತಾ,

ನಿನ್ನ ಕಾಗದಗಳು ಬಂದವು. ಮೂರರಲ್ಲೂ ನೀರು ಕುಡಿಯಿರಿ ಎಂದು ಬರೆದಿದ್ದೀ. ಕುಡಿಯುತ್ತಿದ್ದೇನೆ.

ಈಗ ಕೇಳು. ನಮಗೆ ಪ್ರಸಂಗ ಸಿಕ್ಕಿತು. ಟೀಚರೇ ಹೊಸತಾಗಿ ಪದ್ಯ ಕಟ್ಟಿದ್ದಾರೆ. ಒಬ್ಬ ದೊರೆ ಯುದ್ಧದಲ್ಲಿ ಸೋತು ಓಡಿಬಂದು ನೆರೆ ಬಂದ ಹೊಳೆಯ ದಡದಲ್ಲಿ ನಿಲ್ಲುತ್ತಾನೆ. ಹಿಂದೆ ಶತ್ರು, ಮುಂದೆ ನೀರು. ಅಲ್ಲಿ ಒಬ್ಬ ಅಂಬಿಗ ಇದ್ದಾನೆ. ದಾಟಿಸು ಎಂದು ದೊರೆ ಆಜ್ಞೆ ಮಾಡುತ್ತಾನೆ. ಕಿರೀಟ ಇಳಿಸಿ ಬಂದರೆ ದಾಟಿಸುತ್ತೇನೆ, ನನ್ನ ದೋಣಿಯಲ್ಲಿ ದೊರೆ ಎಂಬವನಿಲ್ಲ ಎನ್ನುತ್ತಾನೆ ಅಂಬಿಗ. ಇಷ್ಟೇ ಕಥೆ. ಉಳಿದದ್ದೆಲ್ಲ ಮಾತು.

ಅಂಬಿಗ ನಾನು.

ಮದ್ದಳೆಗೆ ಎಣ್ಮೂರಿನ ಬೋಜ. ಅವನೂ ನನ್ನ ಹಾಗೆ ಅಡಿಕೆಗೆ ಕೊಳೆರೋಗದ ಮದ್ದು ಬಿಡುವಾಗ ಮರದಿಂದ ಬಿದ್ದವನು, ಒಂದೇ ಮಳೆಗಾಲದಲ್ಲಿ. ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚದಲ್ಲಿದ್ದೆವು, ಆಮೇಲೆ ನೋಡಿಯೇ ಇರಲಿಲ್ಲ. ಮನೆ ಒಂದು ಗಂಟೆಯ ದಾರಿ. ನಮಗಿಬ್ಬರಿಗೂ ಅದು ದೆಹಲಿಯಷ್ಟು ದೂರವಾಗಿತ್ತು. ಹೊಳೆಯ ಪಾತ್ರಕ್ಕೆ ಆಯಿಶತ್ ಶಿಫಾ, ಅಲಿ ಕುಂಞಿ ಅವರ ಮಗಳು. ಹೌದು, ಹೊಳೆಯೇ ಬಂದು ಮಾತಾಡುತ್ತದೆ. ಸುಳ್ಯದಲ್ಲಿ ಬಿ.ಕಾಂ. ಓದುತ್ತಿದ್ದಾಗ ತಿರುವಿನಲ್ಲಿ ಸ್ಕೂಟರ್ ಜಾರಿ ಬೆನ್ನಿಗೆ ಪೆಟ್ಟಾಯಿತಂತೆ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ಮಲಯಾಳ, ನಮ್ಮೊಡನೆ ತುಳು, ಪಾತ್ರಕ್ಕೆ ಕೂತರೆ ಮಾತ್ರ ಪುಸ್ತಕದ ಕನ್ನಡ. ಮೊದಲ ದಿನ ಅವಳ ಬಾಯಿಂದ ಸ್ವರವೇ ಹೊರಡಲಿಲ್ಲ. ಮೊನ್ನೆ ಅವಳು, "ಅಂಬಿಗಾ, ನನ್ನ ಬೆನ್ನ ಮೇಲೆ ನಡೆಯುವವನು ನೀನು, ನನ್ನ ಅಪ್ಪಣೆ ಕೇಳಿದ್ದೀಯಾ?" ಎಂದು ತಿರುಗಿ ಕೇಳಿದಾಗ ನನಗೆ ಬೆವರಿತು. ಅವಳ ಅಪ್ಪ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದರು. ಕರವಸ್ತ್ರ ತೆಗೆದು ಮುಖ ಒರಸಿಕೊಂಡು ಪಿಕಪ್ಪಿನ ಟಯರು ನೋಡಲು ಹೋದರು.

ಇನ್ನೊಂದು ವಿಷಯ. ಕೂತೇ ಇದ್ದರೆ ಹುಣ್ಣಾಗುತ್ತದೆಂದು ನಾವು ಆಗಾಗ ಎರಡೂ ಕೈ ಊರಿ ಸೊಂಟ ಎತ್ತಬೇಕಲ್ಲ. ಟೀಚರ್ ಅದಕ್ಕೂ ಉಪಾಯ ಮಾಡಿದ್ದಾರೆ. ಪದ್ಯ ಶುರುವಾದ ಕೂಡಲೇ ನಾವೆಲ್ಲ ಒಟ್ಟಿಗೆ ಕೈ ಊರಿ ಏಳುವುದು, ತಾಳಕ್ಕೆ ಸರಿಯಾಗಿ ಇಳಿಯುವುದು. ನೋಡಿದವರು ಅದೂ ಕಲೆಯ ಒಂದು ಕ್ರಮವೆಂದೇ ತಿಳಿಯುತ್ತಾರೆ. ನಿನ್ನ ಅವ್ವ ಮೊದಲೆರಡು ದಿನ ಕಾವಲಿಗೆ ಬಂದಳು. ಈಗ ಬೇರೆಯವರ ಮನೆಯ ಹೆಂಗಸರ ಜೊತೆ ಹಿಂದಿನ ಬೆಂಚಿನಲ್ಲಿ ಕೂತು ನಗುತ್ತಿರುತ್ತಾಳೆ. ನನ್ನ ಪ್ರೇಮಾವತಿ ಗಟ್ಟಿಯಾಗಿ ನಗುವುದನ್ನು ನಾನು ಕೇಳಿ ಬಹಳ ಕಾಲವಾಗಿತ್ತು.

ದೊರೆಯ ಪಾತ್ರಕ್ಕೆ ನಮ್ಮಲ್ಲಿ ಯಾರೂ ಇಲ್ಲ. ಕಾಣಿಯೂರಿನ ತಿರುಮಲೇಶ್ವರ ಭಟ್ರು ಒಪ್ಪಿದ್ದಾರೆ. ತೋಟದ ಕೆಲಸದ ನಡುವೆ ಊರೂರು ಸುತ್ತಿ ಅರ್ಥ ಹೇಳುವವರು. ಅವರ ಎದುರು ಕೂತವರು ಮಾತು ಸಿಗದೆ ತಲೆ ಕೆರೆದುಕೊಳ್ಳುವುದನ್ನು ನಾನೇ ಸಭೆಯಲ್ಲಿ ಕೂತು ನೋಡಿ ಚಪ್ಪಾಳೆ ಹೊಡೆದವನು. ಈಗ ಅವರ ಎದುರು ನಾನು.

ಅನ್ನ ಸೇರುತ್ತಿಲ್ಲ. ಭಯಕ್ಕೋ ಖುಷಿಗೋ ಗೊತ್ತಾಗುತ್ತಿಲ್ಲ. ಮಲಗಿದಲ್ಲೇ ದೊರೆಗೂ ನಾನೇ ಮಾತಾಡುತ್ತೇನೆ, ಅಂಬಿಗನಿಗೂ ನಾನೇ. ನಿನಗೆ ಏನಾದರೂ ಒಳ್ಳೆಯ ಮಾತು ಹೊಳೆದರೆ ಬರೆದು ಕಳುಹಿಸು. ನೀರಿನ ವಿಷಯ ಬಿಟ್ಟು.

ಅಪ್ಪ

•

ಪಂಜ
೧೨ ನವೆಂಬರ್ ೨೦೨೪

ಭವಿತಾ,

ಭಾನುವಾರ ಕಾಣಿಯೂರಿನಲ್ಲಿ ನಮ್ಮ ಮೊದಲ ತಾಳಮದ್ದಳೆ ಆಯಿತು. ನಾನು ಗೆದ್ದೆ. ಇನ್ನು ಹೋಗುವುದಿಲ್ಲ.

ಕ್ರಮವಾಗಿ ಹೇಳುತ್ತೇನೆ. ಸಭಾಭವನ ತುಂಬಿತ್ತು. ಮೊದಲು ನಮಗೆಲ್ಲ ಶಾಲು ಹೊದಿಸಿದರು. ನಾವು ಇನ್ನೂ ಒಂದು ಮಾತೂ ಆಡಿರಲಿಲ್ಲ, ಆಗಲೇ ನಮ್ಮ ಸಾಧನೆಯ ಬಗ್ಗೆ ಭಾಷಣವಾಯಿತು. ಬೋಜ ನನ್ನ ಕಿವಿಯಲ್ಲಿ, ನಾವು ಸತ್ತದ್ದು ಯಾವಾಗ ಮಾರಾಯ ಎಂದು ಕೇಳಿದ. ಆಮೇಲೆ ಟೀಚರ್ ಪದ್ಯ ಎತ್ತಿದರು. ಶಿಫಾ ಹೊಳೆಯಾಗಿ ಚೆನ್ನಾಗಿ ಹೇಳಿದಳು. ನನ್ನ ಸರದಿ ಬಂತು.

ದೊರೆ ದಾಟಿಸು ಎಂದರು. ಕಿರೀಟ ಇಳಿಸು ಎಂದೆ. ಎರಡು ತಿಂಗಳಿಂದ ಕಟ್ಟಿಟ್ಟ ಮಾತುಗಳನ್ನು ಒಂದೊಂದಾಗಿ ತೆಗೆಯಬೇಕೆಂದು ತಯಾರಾಗಿ ಕೂತಿದ್ದೆ. ನನ್ನ ಮೊದಲ ಮಾತಿಗೇ ಭಟ್ರು ಆಹಾ ಎಂದು ತಲೆ ಅಲ್ಲಾಡಿಸಿದರು. ಎರಡನೆಯದಕ್ಕೆ, "ಅಂಬಿಗಾ, ನಿನ್ನ ಜ್ಞಾನದ ಮುಂದೆ ನನ್ನ ಕಿರೀಟ ಹಗುರವಾಯಿತು, ನೀನು ಗೆದ್ದೆ" ಎಂದು ಇಲ್ಲದ ಕಿರೀಟವನ್ನು ಇಳಿಸಿಬಿಟ್ಟರು. ಅಷ್ಟಕ್ಕೇ ಮುಗಿಯಿತು. ಸಭೆಯಲ್ಲಿ ಚಪ್ಪಾಳೆ ನಿಲ್ಲಲಿಲ್ಲ. ಹೆಂಗಸರು ಕಣ್ಣೀರು ಒರಸಿಕೊಂಡರು. ಮೊದಲ ಸಾಲಿನಲ್ಲಿ ಒಬ್ಬರು ಎದ್ದು ನಿಂತು ಕೈಮುಗಿದರು.

ನಾನು ಏನು ಹೇಳಿದೆ ಎಂದು ಅವರಲ್ಲಿ ಒಬ್ಬರಿಗಾದರೂ ನೆನಪಿರುತ್ತದೆಯೇ? ಆ ಎರಡು ಮಾತು ನಾನು ಇನ್ನೂ ಶುರು ಮಾಡುವ ಮೊದಲು ಗಂಟಲು ಸರಿಮಾಡಿಕೊಂಡದ್ದು. ಅವು ಗೆಲ್ಲುವ ಮಾತುಗಳಲ್ಲ. ಭಟ್ರಿಗೆ ಅದು ಗೊತ್ತು. ಗೊತ್ತಿದ್ದೂ ಸೋತರು.

ಪಿಕಪ್ಪಿನಲ್ಲಿ ಬರುವಾಗ ಶಿಫಾ ತನಗೆ ಹೊದಿಸಿದ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಕಡೆಗೆ, "ಕೂಸಪ್ಪಣ್ಣ, ನಾನು ಪದ ತಪ್ಪಿದ್ದೆ. ಆದರೂ ಎಲ್ಲರೂ ಚಂದ ಆಯ್ತು ಅಂದರು" ಎಂದಳು. ಅವಳಿಗೂ ಹಾಗೆಯೇ ಆಗಿತ್ತು.

ನಾನು ಬಿದ್ದ ಮೇಲೆ ಈ ಮನೆಯಲ್ಲಿ ಯಾರೂ ನನ್ನ ಮಾತಿಗೆ ಇಲ್ಲ ಎಂದಿಲ್ಲ. ಗಂಜಿಗೆ ಉಪ್ಪು ಜಾಸ್ತಿ ಎಂದರೆ ಹೌದು ಜಾಸ್ತಿ. ಕಡಿಮೆ ಎಂದರೆ ಹೌದು ಕಡಿಮೆ. ನಿನ್ನ ಕಾಗದಗಳೂ ಹಾಗೆಯೇ ಇವೆ. ಊಟ ಚೆನ್ನಾಗಿದೆ, ಎಲ್ಲರೂ ಒಳ್ಳೆಯವರು, ನಿಮಗೆ ಇಷ್ಟ ಬಂದ ಹಾಗೆ ಮಾಡಿ. ನೀನು ಚಿಕ್ಕಂದಿನಲ್ಲಿ ಹೀಗಿರಲಿಲ್ಲ. ಆ ಮಗಳು ಎಲ್ಲಿಗೆ ಹೋದಳು? ಅವಳ ವಿಳಾಸ ಗೊತ್ತಿದ್ದರೆ ಅವಳಿಗೆ ಬರೆಯುತ್ತಿದ್ದೆ.

ಟೀಚರಿಗೆ ಇನ್ನು ಬರುವುದಿಲ್ಲ ಎಂದು ಹೇಳಿ ಕಳುಹಿಸಿದ್ದೇನೆ.

ಅಪ್ಪ

•

ಕಲಬುರಗಿ
೨೦ ನವೆಂಬರ್ ೨೦೨೪

ಅಪ್ಪ,

ಊಟ ಚೆನ್ನಾಗಿಲ್ಲ. ದಿನಾ ರೊಟ್ಟಿ, ನನಗೆ ಹೊಟ್ಟೆ ತುಂಬುವುದಿಲ್ಲ. ಎಲ್ಲರೂ ಒಳ್ಳೆಯವರಲ್ಲ. ನನ್ನ ಕನ್ನಡ ಕೇಳಿ ಎರಡು ತಿಂಗಳು ನಕ್ಕರು. ಪರೇಡ್ ಕಲಿಸುವ ಉಸ್ತಾದರು ನನ್ನನ್ನು ಬೈದ ಮಾತುಗಳನ್ನು ಕಾಗದದಲ್ಲಿ ಬರೆಯಲು ಆಗುವುದಿಲ್ಲ. ಇದನ್ನೆಲ್ಲ ಬರೆಯಬಾರದೆಂದು ಅವ್ವ ಹೇಳಿದ್ದರು. ಅಪ್ಪನಿಗೆ ಬೇಜಾರಾಗುವ ಯಾವ ಮಾತೂ ಬೇಡ ಎಂದು ಹೊರಡುವ ಮೊದಲು ಆಣೆ ಮಾಡಿಸಿಕೊಂಡಿದ್ದರು. ನೀವು ಕೇಳಿದ ಮಗಳು ಆ ಆಣೆಯ ಅಡಿಯಲ್ಲಿದ್ದಾಳೆ. ಈಗ ನೀವೇ ಕರೆದಿರಿ, ಬಂದಿದ್ದೇನೆ.

ಹೊರಟ ದಿನದ ವಿಷಯ ಬೇಡ ಎಂದು ಬರೆದಿದ್ದೀರಿ. ನನಗೆ ಬೇಕು. ಬಸ್ಸಿಗೆ ಹೊತ್ತಾಗಿತ್ತು. ನೀವು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಿರಿ. ಅಪ್ಪ ಎಂದು ಕರೆದೆ. ತಿರುಗಲಿಲ್ಲ. ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅದು ನಿಮಗೆ ಗೊತ್ತೇ ಆಗಲಿಲ್ಲ. ಕಾಲಿಗೆ ಸ್ಪರ್ಶ ಇಲ್ಲ, ಮುಖ ಈ ಕಡೆ ಇಲ್ಲ. ಸುಬ್ರಹ್ಮಣ್ಯದಿಂದ ರೈಲಿನಲ್ಲಿ ಕೂತು ಬೆಳಗಿನವರೆಗೂ ಅದನ್ನೇ ಯೋಚಿಸಿದ್ದೇನೆ, ನನ್ನ ನಮಸ್ಕಾರ ಯಾರಿಗೆ ಹೋಯಿತು ಎಂದು.

ಪೊಲೀಸಿಗೆ ಸೇರಬೇಡ ಎಂದು ನೀವು ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ನಾನು ಜಗಳ ಮಾಡುತ್ತಿದ್ದೆ. ನೀವು ಅದನ್ನೂ ಮಾಡಲಿಲ್ಲ. ಸುಮ್ಮನಾದಿರಿ. ಸುಮ್ಮನಾದವರ ಹತ್ತಿರ ಗೆಲ್ಲುವುದು ಹೇಗೆ?

ಈಗ ಕಾಣಿಯೂರಿನ ವಿಷಯ. ಭಟ್ರು ಬೇಕೆಂದೇ ಸೋತರು ಎಂದು ನೀವು ಮನೆಗೆ ಬಂದು ಮಲಗಿದ್ದೀರಿ. ಅವರಿಗೆ ಹೇಳಿದಿರಾ? ಇಲ್ಲ. ಮತ್ತೆ ಗೋಡೆಯ ಕಡೆ ತಿರುಗಿದಿರಿ, ಅಷ್ಟೆ.

ನನ್ನದೊಂದು ಸಂಗತಿ ಹೇಳುತ್ತೇನೆ. ಕಳೆದ ತಿಂಗಳು ಓಟದಲ್ಲಿ ನನ್ನ ಪಾದ ಉಳುಕಿತು. ಅದೇ ದಿನ ಯಾರೋ ಉಸ್ತಾದರಿಗೆ ನಿಮ್ಮ ವಿಷಯ ಹೇಳಿದ್ದರು. ಅವರು ನನ್ನನ್ನು ನೆರಳಿನಲ್ಲಿ ಕೂರಿಸಿದರು. ಪಾದ ಸರಿಯಾದ ಮೇಲೂ ಕೂರಿಸಿದರು. ಬೈಯುವುದನ್ನೇ ನಿಲ್ಲಿಸಿದರು. ಬಿಸಿಲಿನಲ್ಲಿ ಓಡುವವರನ್ನು ನೆರಳಿನಲ್ಲಿ ಕೂತು ನೋಡುವುದು ಎಷ್ಟು ಕೆಟ್ಟದ್ದೆಂದು ನನಗೆ ಆಗ ಗೊತ್ತಾಯಿತು. ನಾಲ್ಕನೇ ದಿನ ಅವರ ಎದುರು ಹೋಗಿ, ಸರ್, ನನ್ನನ್ನೂ ಬೈಯಿರಿ ಎಂದೆ. ಅವರು ಬೈದರು. ಈಗ ನಾನು ನಮ್ಮ ತಂಡದಲ್ಲಿ ಮೂರನೆಯವಳಾಗಿ ಓಡಿ ಮುಗಿಸುತ್ತೇನೆ.

ನೀವು ಹೋಗಿ ಭಟ್ರಿಗೆ ಹೇಳಿ. ಹೇಳಲು ಆಗದಿದ್ದರೆ ನನಗೆ ಇನ್ನು ಕಾಗದ ಬರೆಯಬೇಡಿ.

ಭವಿತಾ

•

ಪಂಜ
೪ ಡಿಸೆಂಬರ್ ೨೦೨೪

ಭವಿತಾ,

ಬರೆಯಬೇಡಿ ಎಂದು ಆಜ್ಞೆ ಮಾಡಿದ್ದೀ. ಬರೆಯುವ ಅರ್ಹತೆ ಸಂಪಾದಿಸಿಕೊಂಡೇ ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಮೊದಲ ಸಲ ಓದಿ ಮಡಚಿ ದಿಂಬಿನ ಅಡಿಗೆ ಹಾಕಿದೆ. ಎರಡನೇ ಸಲ ಅವ್ವನಿಗೆ ಓದಿ ಹೇಳಿದೆ. ಅವಳು ಅತ್ತು, ಆಣೆ ಮುರಿದಳಲ್ಲ ಎಂದು ಬೈದಳು. ಮೂರನೇ ಸಲ ಓದುವಾಗ ನನಗೆ ಆದ ಖುಷಿಯನ್ನು ಹೇಗೆ ಬರೆಯುವುದೆಂದು ಗೊತ್ತಾಗುತ್ತಿಲ್ಲ. ಎಂಥ ಅರ್ಥ ಹೇಳಿದ್ದೀ, ಮಗಳೇ. ಸುಮ್ಮನಾದವರ ಹತ್ತಿರ ಗೆಲ್ಲುವುದು ಹೇಗೆ ಎಂಬ ಮಾತು ದೊಡ್ಡ ದೊಡ್ಡ ಕಲಾವಿದರ ಬಾಯಲ್ಲೂ ಬರಲಿಕ್ಕಿಲ್ಲ.

ಆದರೆ ಪ್ರತಿವಾದ ಇಲ್ಲದೆ ಬಿಡುವವನಲ್ಲ ನಾನು. ಗೋಡೆಯ ಕಡೆ ಮಲಗಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಹುಣ್ಣಾಗದ ಹಾಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮಲಗಬೇಕೆಂದು ವೈದ್ಯರು ಹೇಳಿದ್ದಾರೆ. ಆ ಹೊತ್ತಿಗೆ ಗೋಡೆಯ ಸರದಿ ಇತ್ತು. ನೀನು ಕರೆದಾಗ ಈ ಕಡೆಯ ಸರದಿ ಬಂದಾಗಿತ್ತು, ನಾನು ತಿರುಗಲಿಲ್ಲ ಎಂಬುದು ನಿಜ. ಅಲ್ಲಿಗೆ ನೀನು ಗೆದ್ದೆ. ನಮಸ್ಕಾರ ಗೊತ್ತಾಗಲಿಲ್ಲ, ಅದೂ ನಿಜ. ಈಗ ಗೊತ್ತಾಗಿದೆ. ತಡವಾಗಿ ಬಂದ ಟಪಾಲನ್ನೂ ಮನೆಯವರೇ ತೆಗೆದುಕೊಳ್ಳುವುದು.

ಭಟ್ರ ಮನೆಗೆ ಹೋಗಿದ್ದೆ. ಅಲಿ ಕುಂಞಿ ಕರೆದುಕೊಂಡು ಹೋದರು. ಶಿಫಾಳೂ ಬಂದಳು. ಅಂಗಳಕ್ಕೆ ಹತ್ತಲು ಏಳೆಂಟು ಮೆಟ್ಟಿಲು. ನಮ್ಮನ್ನು ಮೇಲಿನಿಂದಲೇ ನೋಡಿದ ಭಟ್ರು ತಾವೇ ಕುರ್ಚಿ ಎತ್ತಿಕೊಂಡು ಪಿಕಪ್ಪಿನ ಹತ್ತಿರ ಬಂದು ಕೂತರು. ಬೆಲ್ಲ ನೀರು ತರಿಸಿದರು. ಅಡಿಕೆಯ ಕೊಳೆರೋಗದ ವಿಷಯ ಮಾತಾಡಿದರು. ನಾನು ಲೋಟ ಖಾಲಿ ಮಾಡಿದೆ. ಕೊನೆಗೆ ಕೇಳಿದೆ.

"ಭಟ್ರೇ, ನೀವು ಅವತ್ತು ನನ್ನನ್ನು ಗೆಲ್ಲಿಸಿದ್ದು ಎಂತಕ್ಕೆ?"

ಅವರು ಅಡಗಿಸಲಿಲ್ಲ. "ಸೋಲಿಸಿದ್ದರೆ ಸಭೆ ನನಗೆ ಬಯ್ತಿತ್ತು. ನನಗೂ ಮನಸ್ಸು ಬರ್ಲಿಲ್ಲ ಮಾರಾಯ."

"ಸಭೆ ಬಯ್ಯಲಿ. ನಾನು ಬಿದ್ದದ್ದು ಮರದಿಂದ. ಮಾತಿನಲ್ಲಿ ನನ್ನನ್ನು ಯಾರೂ ಇನ್ನೂ ಬೀಳಿಸ್ಲಿಲ್ಲ. ನಿಮಗೆ ಆಗ್ತದಾ ನೋಡಿ."

ಅವರು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. ಆಮೇಲೆ ಅವರ ಮುಖದಲ್ಲಿ ಒಂದು ನಗು ಬಂತು, ನಾನು ಸಭೆಯಲ್ಲಿ ಕೂತು ನೋಡುತ್ತಿದ್ದ ಅದೇ ನಗು, ಎದುರಾಳಿಯ ಮಾತಿನಲ್ಲಿ ತೂತು ಕಂಡಾಗ ಬರುವಂಥದ್ದು. ಜನವರಿಯಲ್ಲಿ ಪುತ್ತೂರಿನಲ್ಲಿ ದೊಡ್ಡ ಕೂಟ ಇದೆ, ಅಲ್ಲಿ ನಮ್ಮ ಪ್ರಸಂಗಕ್ಕೆ ಸಮಯ ಕೇಳುತ್ತೇನೆ, ಶಾಲು ಭಾಷಣ ಯಾವುದೂ ಇರಬಾರದೆಂದು ಮೊದಲೇ ಹೇಳುತ್ತೇನೆ ಎಂದರು. ನಂತರ, "ಅಲ್ಲಿ ನಾನು ಬಿಡುದಿಲ್ಲ, ಕೂಸಪ್ಪ" ಎಂದರು.

ಬಿಡಬೇಡಿ ಎಂದೆ. ತನ್ನನ್ನೂ ಬಿಡಬೇಡಿ ಎಂದು ಹಿಂದಿನಿಂದ ಶಿಫಾ ಹೇಳಿದಳು.

ವಾಪಸು ಬರುವಾಗ ನಾವು ಮೂವರೂ ಏನೇನೋ ಹಾಡು ಹಾಡಿದೆವು. ಪುತ್ತೂರು ಎಂದರೆ ಮಾತು ಗೊತ್ತಿದ್ದವರು ಕೂತು ಕೇಳುವ ಸಭೆ. ನನಗೆ ನಿದ್ದೆ ಹಾರಿಹೋಗಿದೆ.

ನಿನ್ನಿಂದ ಬೈಸಿಕೊಂಡ,
ಅಪ್ಪ

•

ಕಲಬುರಗಿ
೮ ಜನವರಿ ೨೦೨೫

ಅಪ್ಪ,

ಇದು ಸಮಯಕ್ಕೆ ಸಿಗಬೇಕೆಂದು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಕಾಗದಗಳನ್ನು ನಾನೀಗ ಕೋಣೆಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತೇನೆ. ನನ್ನ ಕನ್ನಡಕ್ಕೆ ನಕ್ಕವರೇ ಈಗ ಟಪಾಲಿನ ಹೊತ್ತಿಗೆ ಬಾಗಿಲಲ್ಲಿ ಕಾಯುತ್ತಾರೆ. ರಾಯಚೂರಿನ ಹುಡುಗಿಯೊಬ್ಬಳು ದೊರೆಯ ಪಕ್ಷ, ಉಳಿದವರೆಲ್ಲ ಅಂಬಿಗನ ಪಕ್ಷ. ಮೊನ್ನೆ ಊಟದ ಸಾಲಿನಲ್ಲಿ ಅವರಿಗೆ ಎಷ್ಟು ಜೋರು ವಾದ ಆಯಿತೆಂದರೆ ಉಸ್ತಾದರು ಎಲ್ಲರಿಗೂ ಮೈದಾನ ಸುತ್ತು ಹಾಕಿಸಿದರು.

ಅಂಬಿಗನಿಗೆ ಒಂದು ಮಾತು ಕಳುಹಿಸು ಎಂದಿದ್ದಿರಿ. ನಾವೆಲ್ಲ ಸೇರಿ ಒಂದು ಹುಡುಕಿದ್ದೇವೆ. ಯುದ್ಧದಲ್ಲಿ ಸೋತ ದೊರೆ ತನ್ನ ಸೈನಿಕರನ್ನು ಹಿಂದೆಯೇ ಬಿಟ್ಟು ಒಬ್ಬನೇ ಬಂದಿದ್ದಾನಲ್ಲ, ಅವರನ್ನು ದಾಟಿಸುವವರು ಯಾರು ಎಂದು ಕೇಳಿ.

ನನಗೆ ಬರಲು ರಜೆ ಇಲ್ಲ. ಹತ್ತೊಂಬತ್ತರ ಭಾನುವಾರ ಮಧ್ಯಾಹ್ನ ನಾನು ಇಲ್ಲಿ ಬಟ್ಟೆ ಒಗೆಯುತ್ತಿರುತ್ತೇನೆ. ಕಿವಿ ಮಾತ್ರ ಪುತ್ತೂರಿನಲ್ಲಿರುತ್ತದೆ. ಸೋತರೂ ಚಿಂತೆಯಿಲ್ಲ. ಸುಮ್ಮನಾಗಬೇಡಿ, ಅಷ್ಟೆ.

ಭವಿತಾ

•

ಪಂಜ
೨೧ ಜನವರಿ ೨೦೨೫

ಭವಿತಾ,

ಸೋತೆ.

ನಿನ್ನ ಕೋಣೆಯವರನ್ನೆಲ್ಲ ಕರೆದು ಕೂರಿಸಿಕೊ, ಆಮೇಲೆ ಮುಂದೆ ಓದು. ರಾಯಚೂರಿನ ಹುಡುಗಿಗೆ ಎದುರಿನಲ್ಲೇ ಜಾಗ ಕೊಡು.

ಮಧ್ಯಾಹ್ನ ಊಟ ಆದ ಮೇಲೆ ನಮ್ಮ ಪ್ರಸಂಗ. ಭಟ್ರು ಹೇಳಿದ ಹಾಗೆ ಶಾಲು ಇರಲಿಲ್ಲ, ಭಾಷಣ ಇರಲಿಲ್ಲ. ಪ್ರಸಂಗದ ಹೆಸರು, ಕಲಾವಿದರ ಹೆಸರು, ಅಷ್ಟೇ ಓದಿದರು. ವೇದಿಕೆಯ ಮೇಲೆ ಎಲ್ಲರೂ ಕುರ್ಚಿಯಲ್ಲಿ ಕೂತಿದ್ದರು, ನಮ್ಮ ಕುರ್ಚಿಗೆ ಚಕ್ರ ಇತ್ತು. ಬೋಜ ಮದ್ದಳೆ ಮುಟ್ಟಿದ. ಟೀಚರ್ ಪದ್ಯ ಎತ್ತಿದರು. ನಾವು ಕೈ ಊರಿ ಎದ್ದು ತಾಳಕ್ಕೆ ಇಳಿದೆವು. ಸಭೆಯಲ್ಲಿ ಯಾರೋ ಭೇಷ್ ಎಂದರು, ಹೊಸ ಕ್ರಮವೆಂದು ತಿಳಿದು.

ಭಟ್ರು ಮೊದಲ ಮಾತಿನಿಂದಲೇ ಹೊಡೆಯಲು ಶುರು ಮಾಡಿದರು. ನನ್ನ ಎರಡು ಮಾತುಗಳನ್ನು ಸುಲಿದು ತೆಂಗಿನ ಸಿಪ್ಪೆಯ ಹಾಗೆ ಬಿಸಾಡಿದರು. ಮೂರನೆಯದಕ್ಕೆ ನಿಮ್ಮೆಲ್ಲರ ಪ್ರಶ್ನೆ ಕೇಳಿದೆ, ಸೈನಿಕರನ್ನು ದಾಟಿಸುವವರು ಯಾರು ಎಂದು. ಅವರಿಗೆ ಪೆಟ್ಟು ತಾಗಿತು. ಸಭೆಗೂ ಅದು ಗೊತ್ತಾಯಿತು. ಆಗ ಅವರು ಸ್ವರ ಏರಿಸಿ, ಮುಂದಕ್ಕೆ ಬಾಗಿ, ಬೆರಳು ತೋರಿಸಿ ಹೇಳಿದರು:

"ಅಂಬಿಗಾ, ನೀನು ಮಾತಾಡುತ್ತಿರುವುದು ದೊರೆಯೊಂದಿಗೆ. ಎದ್ದು ನಿಂತು ಉತ್ತರ ಕೊಡು."

ಇಡೀ ಸಭಾಭವನ ಮರಗಟ್ಟಿತು. ಮುಂದಿನ ಸಾಲಿನವರು ತಲೆ ತಗ್ಗಿಸಿದರು. ಬೋಜನ ಕೈ ಮದ್ದಳೆಯ ಮೇಲೆ ಹಾಗೆಯೇ ನಿಂತಿತು. ನಿನ್ನ ಅವ್ವ ಎದ್ದು ನಿಂತದ್ದು ನನಗೆ ಕಾಣುತ್ತಿತ್ತು. ಭಟ್ರು ಮಾತ್ರ ಬೆರಳು ಇಳಿಸಲಿಲ್ಲ. ಅವರ ಕಣ್ಣಿನಲ್ಲಿ ಮರುಕ ಇರಲಿಲ್ಲ. ಏನು ಹೇಳುತ್ತೀ ಎಂದು ಕಾಯುತ್ತಿದ್ದರು.

ನನ್ನ ಮೈಯಲ್ಲಿ ಎಲ್ಲೆಲ್ಲಿ ಸ್ಪರ್ಶ ಇದೆಯೋ ಅಲ್ಲೆಲ್ಲ ಬಿಸಿಯಾಯಿತು. ಉತ್ತರ ಅಭ್ಯಾಸ ಮಾಡಿದ್ದಲ್ಲ, ತಾನಾಗಿ ಬಂತು. "ದೊರೆಯೇ, ಇದು ದೋಣಿ. ಇಲ್ಲಿ ಎದ್ದು ನಿಂತವರು ತಾವೂ ಮುಳುಗುತ್ತಾರೆ, ಉಳಿದವರನ್ನೂ ಮುಳುಗಿಸುತ್ತಾರೆ. ನೀವು ಎದ್ದು ನಿಂತದ್ದರಿಂದಲೇ ನಿಮ್ಮ ರಾಜ್ಯ ಮುಳುಗಿದ್ದು. ಮೊದಲು ಕೂತುಕೊಳ್ಳಿ."

ಸಭೆ ಎದ್ದು ಬೊಬ್ಬೆ ಹೊಡೆಯಿತು ಭವಿತಾ. ಕಾಣಿಯೂರಿನ ಚಪ್ಪಾಳೆಯಲ್ಲ. ಅಲ್ಲಿ ನನ್ನನ್ನು ನೋಡಿ ತಟ್ಟಿದ್ದರು, ಇಲ್ಲಿ ಮಾತು ಕೇಳಿ ತಟ್ಟಿದರು. ಭಟ್ರು ಸಹ ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಶಿಫಾ ಹೊಳೆಯಾಗಿ ನಮ್ಮಿಬ್ಬರನ್ನೂ ತರಾಟೆಗೆ ತೆಗೆದುಕೊಂಡಳು. ಭಟ್ರು ಅವಳನ್ನೂ ಬಿಡಲಿಲ್ಲ, ಅವಳೂ ಬಿಡಲಿಲ್ಲ.

ನಾನು ಇನ್ನೇನು ಗೆದ್ದೆ ಎಂದುಕೊಂಡೆ. ಆಗ ಭಟ್ರು ಸ್ವರ ತಗ್ಗಿಸಿದರು. ಸಣ್ಣ ಸ್ವರದಲ್ಲಿ ಕೇಳಿದರು: "ನಿನ್ನ ದೋಣಿಯಲ್ಲಿ ದೊರೆ ಇಲ್ಲ, ಎಲ್ಲರೂ ಸಮಾನ ಎಂದೆ. ದೋಣಿ ಯಾವಾಗ ಹೊರಡಬೇಕೆಂದು ಹೇಳುವವನು ಯಾರು? ನೀನು. ಯಾರು ಹತ್ತಬೇಕು, ಯಾರು ಹತ್ತಬಾರದು ಎನ್ನುವವನು ಯಾರು? ನೀನು. ಹಾಗಾದರೆ ನನ್ನ ಕಿರೀಟ ಇಳಿಸು ಎಂದದ್ದು ಸಮಾನತೆಗಲ್ಲ ಅಂಬಿಗಾ. ನಿನ್ನ ತಲೆಗೆ ಇಟ್ಟುಕೊಳ್ಳಲಿಕ್ಕೆ."

ನಾನು ಬಾಯಿ ತೆರೆದೆ. ಅಲ್ಲಿ ಏನೂ ಇರಲಿಲ್ಲ. ಹುಡುಕಿದೆ, ಮಲಗಿದಲ್ಲಿ ಕಟ್ಟಿದ ಅಷ್ಟೂ ಮಾತುಗಳನ್ನು ಮಗುಚಿ ಹಾಕಿದೆ. ಇಲ್ಲ. ಟೀಚರ್ ತಾಳ ಹಿಡಿದು ನನ್ನನ್ನೇ ನೋಡುತ್ತಿದ್ದರು, ಬೇಕಾದರೆ ಪದ್ಯ ಎತ್ತಿ ಉಳಿಸುತ್ತೇನೆ ಎಂಬ ಹಾಗೆ. ಬೇಡ ಎಂದು ತಲೆ ಅಲ್ಲಾಡಿಸಿದೆ. ಸುಮ್ಮನಾಗಬೇಡಿ ಎಂದು ನೀನು ಬರೆದಿದ್ದೆಯಲ್ಲ. ಹಾಗಾಗಿ ಗಟ್ಟಿಯಾಗಿ ಸೋತೆ.

"ದೊರೆಯೇ, ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಇಕೊಳ್ಳಿ, ಹುಟ್ಟು ಹಿಡಿಯಿರಿ. ಇವತ್ತು ನೀವು ದೋಣಿ ನಡೆಸಿ, ನಾನು ಕೂರುತ್ತೇನೆ" ಎಂದು ಇಲ್ಲದ ಹುಟ್ಟನ್ನು ಅವರ ಕಡೆ ಚಾಚಿದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಟೀಚರ್ ಮಂಗಳ ಹಾಡಿದರು.

ಮುಗಿದ ಮೇಲೆ ನಿನ್ನ ಅವ್ವ ನೇರವಾಗಿ ಭಟ್ರ ಹತ್ತಿರ ಹೋಗಿ, ಎದ್ದು ನಿಲ್ಲು ಎಂದು ಹೇಳಬಹುದಾ ನೀವು ಎಂದು ಕೇಳಿಯೇಬಿಟ್ಟಳು. ಅವರು ಕೈಮುಗಿದು, "ಬಿಡಬೇಡಿ ಅಂದದ್ದು ನಿಮ್ಮ ಯಜಮಾನರೇ ಅಮ್ಮಾ" ಎಂದರು. ಅವಳು ನನ್ನ ಕಡೆ ತಿರುಗಿ, ಇಷ್ಟು ದೊಡ್ಡ ಸಭೆಯಲ್ಲಿ ಸೋತು ಬಂದು ಹಲ್ಲು ಕಿರಿಯುತ್ತೀರಲ್ಲ ಎಂದು ನನಗೂ ಬೈದಳು. ಎಷ್ಟೋ ಸಮಯದ ನಂತರದ ಬೈಗುಳ. ಬೆಲ್ಲದ ಹಾಗಿತ್ತು.

ಇವತ್ತು ಬೆಳಗ್ಗೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ತಿಂಡಿ ತಿನ್ನುತ್ತಿದ್ದೆ. ದೇರಣ್ಣ ಅಂಗಳಕ್ಕೆ ಬಂದ. ನನ್ನೊಟ್ಟಿಗೆ ಮರ ಹತ್ತುತ್ತಿದ್ದವನು. ನಾನು ಬಿದ್ದ ಮೇಲೆ ಹಬ್ಬಕ್ಕೆ ಹುಣ್ಣಿಮೆಗೆ ಬರುತ್ತಿದ್ದ, ಬಾಗಿಲ ಬದಿಯಲ್ಲಿ ನಿಂತು, ಹೇಗಿದ್ದೀ ಎಂದು ಕೇಳಿ, ನನ್ನ ಕಾಲು ನೋಡಿ, ಉತ್ತರ ಕೇಳುವ ಮೊದಲೇ ಹೋಗುತ್ತಿದ್ದ. ಇವತ್ತು ನೇರವಾಗಿ ಒಳಗೆ ಬಂದು ನನ್ನ ಮಂಚದ ಮೇಲೆಯೇ ಕೂತ. ಯಾರದೋ ಮೊಬೈಲಿನಲ್ಲಿ ಪುತ್ತೂರಿನ ವಿಡಿಯೋ ನೋಡಿದನಂತೆ.

"ಅಲ್ಲ ಕೂಸಪ್ಪ, ಉತ್ತರ ಇಲ್ಲ ಅಂತ ನೀನು ಹೇಗೆ ಹೇಳಿದ್ದು? ದೋಣಿ ಮುಳುಗಿದ್ರೆ ಅಂಬಿಗನೂ ಒಟ್ಟಿಗೆ ಮುಳುಗ್ತಾನಲ್ಲ. ರಾಜ್ಯ ಮುಳುಗಿದಾಗ ದೊರೆ ಓಡಿ ಬಂದ. ಇಬ್ರೂ ಒಂದೇ ಹೇಗೆ ಆಗುದು?"

ಅದು ಒಳ್ಳೆಯ ಮಾತು. ನನಗೆ ಯಾಕೆ ಹೊಳೆಯಲಿಲ್ಲವೋ. ಆದರೆ ಸೋತವನು ನಾನಾದ್ದರಿಂದ ಈಗ ದೊರೆಯ ಪಕ್ಷ ಹಿಡಿದು ಅವನಿಗೆ ಎದುರು ಮಾತಾಡಿದೆ. ಅವನು ಬಿಡಲಿಲ್ಲ. ಚಹಾ ತಣ್ಣಗಾಯಿತು, ಅವ್ವ ಇನ್ನೊಮ್ಮೆ ಬಿಸಿ ಮಾಡಿ ತಂದಳು. ತಂದವಳು ಅಲ್ಲಿಯೇ ನಿಂತು, ದೋಣಿಯಲ್ಲಿ ಹೆಂಗಸರಿದ್ದಿದ್ದರೆ ನೀವಿಬ್ಬರೂ ಮಾತಾಡುತ್ತಿರುವಾಗಲೇ ಆಚೆ ದಡ ಮುಟ್ಟಿಸುತ್ತಿದ್ದರು ಎಂದಳು. ದೇರಣ್ಣನಿಗೆ ಕೋಪ ಬಂತು. ಅಷ್ಟರಲ್ಲಿ ತೋಟದ ಕತ್ತಿಯನ್ನು ಮಸೆಯಲು ಕೊಟ್ಟು ಬಂದದ್ದು ನೆನಪಾಗಿ ಎದ್ದ. ಇದು ಮುಗಿಯಲಿಲ್ಲ, ನಾಳೆ ಬರುತ್ತೇನೆ ಎಂದು ಗೇಟಿನ ಹತ್ತಿರದಿಂದಲೂ ಕೈ ಬೀಸಿ ವಾದ ಮಾಡುತ್ತಲೇ ಹೋದ.

ಅವನು ತಿರುವು ದಾಟಿದ ಮೇಲೆ ನಿನ್ನ ಅವ್ವ ಲೋಟ ಎತ್ತಿಕೊಳ್ಳುತ್ತ ಹೇಳಿದಳು: "ಇಷ್ಟು ಹೊತ್ತು ಕೂತ. ನೀವು ಹೇಗಿದ್ದೀರಿ ಅಂತ ಒಂದು ಮಾತು ಕೇಳ್ಲಿಲ್ಲ ನೋಡಿ."

ಪುತ್ತೂರಿನಲ್ಲಿ ಸೋತ,
ನಿನ್ನ ಅಪ್ಪ